ಮಗಳು ರಿಲೇಯಲ್ಲಿ ಮೂರನೇ ಸುತ್ತು ಓಡುವವಳು. ಘಟ್ಟದ ಕೆಳಗಿನ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಬಗ್ಗೆ ಗೊತ್ತಿದ್ದವರು ಹೇಳ್ತೀರಾ?

ತೋಟದಮನೆ (ಹೊಸನಗರ ತಾಲೂಕು):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳು ಒಂಬತ್ತನೇ ಕ್ಲಾಸು. ಆರನೇ ಕ್ಲಾಸಿನಿಂದ ಓಡುತ್ತಿದ್ದಾಳೆ. ನಮ್ಮ ಕಡೆ ಸಪಾಟು ಜಾಗ ಕಡಿಮೆ. ತೋಟದಿಂದ ಮನೆಗೆ ಬರುವ ಏರು ದಾರಿಯೇ ಅವಳ ಅಭ್ಯಾಸದ ಜಾಗ. ಮಳೆ ಹಿಡಿಯಿತೆಂದರೆ ಅದೂ ಇಲ್ಲ, ಪಾಚಿ ಕಟ್ಟಿ ಜಾರುತ್ತದೆ. ಆಗ ಅಂಗಳದ ಚಪ್ಪರದ ಕೆಳಗೆ ನಿಂತಲ್ಲೇ ಮಂಡಿ ಎತ್ತಿ ಎತ್ತಿ ಓಡುತ್ತಾಳೆ.

ಹೋದ ವಾರ ತಾಲೂಕು ಮಟ್ಟದ ಕ್ರೀಡಾಕೂಟ ಇತ್ತು. 400 ಮೀಟರ್ ಓಟದಲ್ಲಿ ನಾಲ್ಕನೆಯವಳಾದಳು. ಮೂರನೆಯವಳಿಗೂ ಇವಳಿಗೂ ಎರಡು ಹೆಜ್ಜೆ ಅಂತರ, ಅಷ್ಟೇ. ಒಂಟಿ ಓಟ ಈ ವರ್ಷಕ್ಕೆ ಅಲ್ಲಿಗೆ ಮುಗಿಯಿತು. ಆದರೆ 4×400 ರಿಲೇಯಲ್ಲಿ (ನಾಲ್ವರು ಒಬ್ಬರಾದ ಮೇಲೆ ಒಬ್ಬರು 400 ಮೀಟರ್ ಓಡುವುದು) ಅವರ ಶಾಲೆ ಗೆದ್ದಿತು. ಇವಳು ಮೂರನೇ ಸುತ್ತು ಓಡಿದಳು. ಈಗ ತಂಡ ಶಿವಮೊಗ್ಗಕ್ಕೆ ಜಿಲ್ಲಾ ಮಟ್ಟಕ್ಕೆ ಹೋಗಬೇಕು.

ಖುಷಿ ಪಡಬೇಕು ಅಲ್ವಾ? ಭಾನುವಾರ ನೆಂಟರ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಹಿರಿಯರೊಬ್ಬರು ಅವಳನ್ನೇ ಕೇಳಿದರು: "ರಿಲೇ ಅಂದರೆ ನಾಲ್ಕು ಜನರ ಓಟ. ಅದರಲ್ಲಿ ನಿಂದು ಎಷ್ಟು?" ಅವರು ಬೇಜಾರು ಮಾಡಬೇಕೆಂದು ಕೇಳಿದ್ದಲ್ಲ. ಆದರೆ ಮಗಳು ಅವತ್ತಿನಿಂದ ಶೂ ಮುಟ್ಟಿಲ್ಲ. ಪಿಟಿ ಸರ್ ಫೋನ್ ಮಾಡಿದರೂ ಮಾತಾಡಲಿಲ್ಲ.

ನನಗೆ ಓಟದ ಬಗ್ಗೆ ಜಾಸ್ತಿ ಗೊತ್ತಿಲ್ಲ. ಕುಂದಾಪುರಕ್ಕೆ ಹೋಗುವಾಗ ನಾವು ಮಾಸ್ತಿಕಟ್ಟೆ ದಾಟಿ ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರದ ಮೇಲೆ ಹೋಗುತ್ತೇವೆ. ಆ ಸಿದ್ದಾಪುರದ ಹತ್ತಿರದ ಜನ್ಸಾಲೆಯವರು ಅಶ್ವಿನಿ ಅಕ್ಕುಂಜಿ. 2010ರಲ್ಲಿ ಚಿನ್ನ ಗೆದ್ದಾಗ ಪೇಪರ್‌ನಲ್ಲಿ ಫೋಟೋ ನೋಡಿದ ನೆನಪು. ಅವರೂ ರಿಲೇ ಓಡಿದವರು ತಾನೇ? ಅವರು ಹೊರದೇಶದವರ ಎದುರು ಓಡಿದ ಕಥೆ ಗೊತ್ತಿದ್ದವರು ಬರೆಯಿರಿ. ಮಗಳಿಗೆ ಓದಿ ಹೇಳುತ್ತೇನೆ. ಆಮೇಲೆ ಏನೋ ನಿಷೇಧ ಆಯಿತು ಅಂತಲೂ ಕೇಳಿದ್ದೇನೆ. ಅದನ್ನು ಮಗುವಿಗೆ ಹೇಳಬೇಕಾ, ಬೇಡವಾ? ಅದೂ ಒಂದು ಪ್ರಶ್ನೆ.


ನಿವೃತ್ತ ಪಿಟಿ ಮೇಷ್ಟ್ರು (ತೀರ್ಥಹಳ್ಳಿ):

ನಮಸ್ಕಾರ. ನಾನು 31 ವರ್ಷ ದೈಹಿಕ ಶಿಕ್ಷಕನಾಗಿದ್ದೆ. ಹೆಚ್ಚು ಕಾಲ ಹೈಸ್ಕೂಲಿನಲ್ಲಿ. ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ.

ಮೊದಲು ಅಶ್ವಿನಿ ವಿಷಯ. 2010ರ ಅಕ್ಟೋಬರ್ 12. ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ನಮಗೆ ದಸರಾ ರಜೆ. ನಾನು ಮನೆಯಲ್ಲಿ ದೂರದರ್ಶನ ಹಾಕಿಕೊಂಡು ಕೂತಿದ್ದೆ. ಅವತ್ತು ಮಹಿಳೆಯರ 4×400 ಫೈನಲ್. ಭಾರತದ ಪರ ಮೊದಲು ಮಂಜೀತ್ ಕೌರ್, ಆಮೇಲೆ ಸಿನಿ ಜೋಸ್, ಮೂರನೆಯವರು ನಮ್ಮ ಅಶ್ವಿನಿ, ಕೊನೆಗೆ ಮನ್‌ದೀಪ್ ಕೌರ್.

ಗಮನಿಸಿ, ಅಶ್ವಿನಿ ಓಡಿದ್ದು ಮೂರನೇ ಸುತ್ತು. ನಿಮ್ಮ ಮಗಳ ಜಾಗ.

ಆ ಸುತ್ತಿನಲ್ಲಿ ಅವರು ನೈಜೀರಿಯಾದ ಓಟಗಾರ್ತಿಯನ್ನು ಹಿಂದೆ ಹಾಕಿದರು. ಆಕೆ ಅದೇ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ (ತಡೆ ಹಾರಿ ಓಡುವ ಓಟ) ಚಿನ್ನ ಗೆದ್ದಿದ್ದ ಹುಡುಗಿ. ಅಂಥವಳನ್ನು ದಾಟಿ ಬ್ಯಾಟನ್ (ರಿಲೇಯಲ್ಲಿ ಕೈಯಿಂದ ಕೈಗೆ ಕೊಡುವ ಕೋಲು) ತಂದು ಮನ್‌ದೀಪ್ ಕೈಗೆ ಕೊಟ್ಟರು. ಮನ್‌ದೀಪ್ ಅದನ್ನು ಬಿಟ್ಟುಕೊಡಲಿಲ್ಲ. 3 ನಿಮಿಷ 27.77 ಸೆಕೆಂಡು. ಚಿನ್ನ. ಇಂಗ್ಲೆಂಡ್ ಎರಡನೆಯದು, ಕೆನಡಾ ಮೂರನೆಯದು. ನಾನು ಕೂತಲ್ಲಿಂದ ಎದ್ದು ನಿಂತಿದ್ದೆ. ಒಳಗಿಂದ ಮನೆಯವರು ಏನಾಯಿತೆಂದು ಓಡಿ ಬಂದರು.

ಆ ಚಿನ್ನದ ತೂಕ ತಿಳಿಯಬೇಕಾದರೆ ಇದು ಗೊತ್ತಿರಬೇಕು. ಕಾಮನ್‌ವೆಲ್ತ್ ಕೂಟದ ಓಟದಲ್ಲಿ ಭಾರತಕ್ಕೆ ಅದಕ್ಕೆ ಮುಂಚೆ ಚಿನ್ನ ಬಂದದ್ದು 1958ರಲ್ಲಿ, ಕಾರ್ಡಿಫ್‌ನಲ್ಲಿ, ಮಿಲ್ಖಾ ಸಿಂಗ್ ಅವರಿಂದ. ಮಧ್ಯೆ 52 ವರ್ಷ. ಆ ಬರ ಮುರಿದದ್ದು ಒಂಟಿ ಓಟ ಅಲ್ಲ. ನಾಲ್ವರು ಹುಡುಗಿಯರ ರಿಲೇ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಮಗಳ ಹತ್ತಿರವೇ ಪೆನ್ಸಿಲ್ ಕೊಟ್ಟು ಮಾಡಿಸಿ. ಆ ಸಮಯವನ್ನು ನಾಲ್ಕರಿಂದ ಭಾಗಿಸಿದರೆ ತಲೆಗೆ 51.94 ಸೆಕೆಂಡು ಬರುತ್ತದೆ. ಒಬ್ಬಳು 54 ಓಡಿದರೆ ಉಳಿದವರು ಆ ಎರಡು ಸೆಕೆಂಡನ್ನು ಎಲ್ಲಿಂದ ತರಬೇಕು? ನೆಂಟರು ಕೇಳಿದರಲ್ಲ, ನಿಂದು ಎಷ್ಟು ಅಂತ. ನಿಂದು ಪೂರ್ತಿ 400 ಮೀಟರ್. ಒಂಟಿ ಓಟದಲ್ಲಿ ಎಷ್ಟೋ ಅಷ್ಟೇ. ಒಂದು ಮೀಟರ್ ಕೂಡ ಯಾರೂ ಕಡಿಮೆ ಮಾಡಿ ಕೊಡುವುದಿಲ್ಲ.

ದೆಹಲಿ ಆಗಿ ಆರು ವಾರಕ್ಕೆ ಚೀನಾದ ಗುವಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಲಿನ ಕಾಲ, ಊರಿನಲ್ಲಿ ಯಾರಿಗೂ ಟಿವಿ ನೋಡಲು ಪುರುಸೊತ್ತಿಲ್ಲ. ನವೆಂಬರ್ 25ಕ್ಕೆ ಅಶ್ವಿನಿ 400 ಮೀಟರ್ ಹರ್ಡಲ್ಸ್‌ನಲ್ಲಿ 56.15 ಸೆಕೆಂಡಿಗೆ ಚಿನ್ನ ಗೆದ್ದರು. ಮರುದಿನವೇ ರಿಲೇ. ಅದೇ ನಾಲ್ವರು. 3 ನಿಮಿಷ 29.02. ಮತ್ತೆ ಚಿನ್ನ.

ಹರ್ಡಲ್ಸ್ ಅಂದರೆ ಹತ್ತು ತಡೆ. ಹೆಂಗಸರಿಗೆ ಒಂದೊಂದೂ 76.2 ಸೆಂಟಿಮೀಟರ್ ಎತ್ತರ. ಮೊದಲ ತಡೆಗೆ 45 ಮೀಟರ್, ಆಮೇಲೆ 35 ಮೀಟರ್‌ಗೊಂದು. ಹೆಜ್ಜೆ ಲೆಕ್ಕ ಒಂದು ಕಡೆ ತಪ್ಪಿದರೆ ಮುಂದಿನ ಎಲ್ಲವೂ ತಪ್ಪುತ್ತದೆ. ಅಂಥ ಓಟ ಮುಗಿಸಿದ ಮರುದಿನ ಕಾಲು ಹೇಗಿರುತ್ತದೆ ಅಂತ ಓಡಿದವರಿಗೆ ಗೊತ್ತು. ಏಷ್ಯನ್ ಗೇಮ್ಸ್‌ನಲ್ಲಿ ಈ ಹರ್ಡಲ್ಸ್ ಚಿನ್ನವನ್ನು 1982ರಲ್ಲಿ ಎಂ. ಡಿ. ವಲ್ಸಮ್ಮ, 1986ರಲ್ಲಿ ಪಿ. ಟಿ. ಉಷಾ ಗೆದ್ದಿದ್ದರು. ಅವರ ನಂತರ ನಮ್ಮ ದೇಶಕ್ಕೆ ಅದನ್ನು ತಂದವರು ಜನ್ಸಾಲೆಯ ಕೃಷಿಕರ ಮನೆಯ ಈ ಹುಡುಗಿ. ಘಟ್ಟ ಇಳಿಯುವಾಗ ಮಗಳಿಗೆ ಆ ಕಡೆ ಕೈ ತೋರಿಸಿ ಹೇಳಿ.

ರಿಲೇಗೆ ಹೆಸರಿಲ್ಲ ಎನ್ನುವವರಿಗೆ ಇನ್ನೂ ಇದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳಕೊಂಡದ್ದು ಎಲ್ಲರ ಬಾಯಲ್ಲೂ ಇದೆ. ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಂಗಸರ 4×400 ತಂಡ ಫೈನಲ್ ತಲುಪಿ, 3 ನಿಮಿಷ 32.49ಕ್ಕೆ ಏಷ್ಯಾ ದಾಖಲೆ ಮಾಡಿ ಏಳನೆಯದಾಗಿ ಬಂತು. ಆ ತಂಡದಲ್ಲಿ ಉಷಾ, ವಲ್ಸಮ್ಮ, ಶೈನಿ ಜೊತೆ ಓಡಿದ ನಾಲ್ಕನೆಯವರು ನಮ್ಮ ಕರ್ನಾಟಕದ ವಂದನಾ ರಾವ್. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಅದೇ ನಾಲ್ವರು ಚಿನ್ನ ತಂದರು. ಆಮೇಲೆ 2002ರಿಂದ 2018ರ ತನಕ ಐದು ಏಷ್ಯನ್ ಗೇಮ್ಸ್‌ನಲ್ಲೂ ಈ ಚಿನ್ನ ಭಾರತದ್ದೇ. ಕೊನೆಯ ಎರಡರಲ್ಲಿ ಓಡಿದವರು ಕೊಡಗಿನ ಎಂ. ಆರ್. ಪೂವಮ್ಮ. ಇಷ್ಟು ಸಾಲಾಗಿ ನಾವು ಗೆದ್ದ ಓಟ ಬೇರೆ ಯಾವುದಿದೆ, ಹೇಳಿ.

ನಿಷೇಧದ ವಿಷಯ ಆಮೇಲೆ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಯೋಚಿಸಬೇಕು.


ಮೂರನೇ ಸುತ್ತು (ಸಾಗರ):

ಅಣ್ಣಾ, ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ಕಾಲೇಜು ತಂಡದಲ್ಲಿ ಇದೇ ಸುತ್ತು ಓಡುತ್ತಿದ್ದೆ. ಈಗ ಬ್ಯಾಂಕಿನಲ್ಲಿದ್ದೇನೆ, ಎರಡು ಮಕ್ಕಳ ತಾಯಿ. ಮೇಷ್ಟ್ರು ದೊಡ್ಡ ಓಟ ಹೇಳಿದರು. ನಾನು ಆ ಸುತ್ತಿನ ಒಳಗೆ ಏನಿರುತ್ತದೆ ಅಂತ ಮಾತ್ರ ಹೇಳುತ್ತೇನೆ.

ಮೊದಲ ಸುತ್ತಿನವಳಿಗೆ ಅವಳ ಲೇನ್ (ಗೆರೆ ಹಾಕಿದ ಓಟದ ದಾರಿ) ಇರುತ್ತದೆ. ಎರಡನೆಯವಳಿಗೆ ಮೊದಲ ತಿರುವು ಮುಗಿಯುವ ತನಕ ಲೇನ್ ಇರುತ್ತದೆ. ಮೂರನೆಯವಳಿಗೆ ಏನೂ ಇಲ್ಲ. ಎಲ್ಲರೂ ಒಂದೇ ಕಡೆ ಗುಂಪಾಗಿ ನಿಂತಿರುತ್ತೇವೆ. ನಮ್ಮ ಎರಡನೆಯವಳು 200 ಮೀಟರ್ ದಾಟುವಾಗ ಎಷ್ಟನೇ ಜಾಗದಲ್ಲಿದ್ದಾಳೋ ನಮ್ಮನ್ನು ಒಳಗಿನಿಂದ ಅಷ್ಟನೇ ಜಾಗದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ನಮ್ಮಿಷ್ಟಕ್ಕೆ ಜಾಗ ಬದಲಿಸುವ ಹಾಗಿಲ್ಲ. ಅಕ್ಕಪಕ್ಕ ಮೊಣಕೈ ತಾಗುತ್ತದೆ. ಬರುವವಳು ಸುಸ್ತಾಗಿ ಕಾಲು ಎಳೆಯುತ್ತಿರುತ್ತಾಳೆ. ಅವಳ ಮುಖ ನೋಡಿ ನಾವು ಎಷ್ಟು ಬೇಗ ಹೊರಡಬೇಕೆಂದು ಅಳೆಯಬೇಕು. ಬೇಗ ಹೊರಟರೆ ಅವಳು ನಮ್ಮನ್ನು ಮುಟ್ಟುವುದಿಲ್ಲ. ತಡವಾದರೆ ಇಬ್ಬರೂ ಡಿಕ್ಕಿ. ಇದೆಲ್ಲ 20 ಮೀಟರ್ ಒಳಗೆ ಮುಗಿಯಬೇಕು.

ಒಂಟಿ ಓಟದಲ್ಲಿ ನಾಲ್ಕನೆಯವಳಾಗಿ, ಅದೇ ಕೂಟದಲ್ಲಿ ಈ ಗದ್ದಲದೊಳಗೆ ಓಡಿ ಗೆದ್ದು ಬಂದಿದ್ದಾಳಲ್ಲ. ನಿಮ್ಮ ಪಿಟಿ ಸರ್ ಅವಳನ್ನು ಅಲ್ಲಿ ಹಾಕಿದ್ದು ಸುಮ್ನೆ ಅಲ್ಲ. ಗಾಬರಿ ಬೀಳದವಳನ್ನೇ ಅಲ್ಲಿ ಹಾಕುತ್ತಾರೆ. ನನ್ನ ಮಾತು ನಂಬಿ.

ಒಂದು ವರ್ಷ ನಾವು ಬ್ಯಾಟನ್ ಬೀಳಿಸಿದೆವು. ನನ್ನ ಕೈಯಿಂದಲೇ ಬಿತ್ತು. ಬಿದ್ದರೆ ಬೀಳಿಸಿದವಳೇ ಎತ್ತಿಕೊಳ್ಳಬೇಕು. ಎತ್ತಿಕೊಂಡು ಓಡಿದೆ. ಐದನೆಯವರಾದೆವು. ಉಳಿದ ಮೂವರು ನನಗೆ ಒಂದು ಮಾತೂ ಅನ್ನಲಿಲ್ಲ. ಬಸ್ಸಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿದರು. ಇವತ್ತಿಗೂ ನಾಲ್ವರ ಮನೆಯಲ್ಲಿ ಯಾವ ಕಾರ್ಯ ಇದ್ದರೂ ನಾಲ್ವರೂ ಹೋಗುತ್ತೇವೆ.


ಭದ್ರಾ ತೀರ (ಭದ್ರಾವತಿ):

ಎಲ್ಲರೂ ರಿಲೇ ಹೊಗಳುತ್ತಿದ್ದೀರಿ, ಸರಿ. ಆದರೆ ಮಗುವಿಗೆ ಅರ್ಧ ಮಾತ್ರ ಹೇಳಬೇಡಿ. ದೊಡ್ಡ ಮಟ್ಟದಲ್ಲಿ ರಿಲೇ ತಂಡಕ್ಕೆ ಆರಿಸುವುದು 400 ಮೀಟರ್ ಒಂಟಿ ಓಟದ ಸಮಯ ನೋಡಿಯೇ. ಆರು ಜನ ಶಿಬಿರದಲ್ಲಿದ್ದರೆ ಗಡಿಯಾರವೇ ನಾಲ್ವರನ್ನು ಆರಿಸುತ್ತದೆ. ಪೂವಮ್ಮ ಕೂಡ 2014ರ ಇಂಚಿಯಾನ್‌ನಲ್ಲಿ 400 ಮೀಟರ್ ಒಂಟಿ ಓಟದಲ್ಲಿ ಕಂಚು ಗೆದ್ದು, ಆಮೇಲೆ ರಿಲೇ ಚಿನ್ನದಲ್ಲೂ ಇದ್ದರು. ಅಶ್ವಿನಿಗೂ ಹರ್ಡಲ್ಸ್ ಇತ್ತು. ರಿಲೇ ಸಿಕ್ಕಿತು ಅಂತ ಒಂಟಿ ಓಟ ಬಿಡಬಾರದು. ನನ್ನ ತಮ್ಮ ಹಾಗೆ ಬಿಟ್ಟ. ಪಿಯುಸಿಗೆ ಬರುವಾಗ ಅವನ ಸಮಯ ಕೆಳಗಿಳಿಯಲೇ ಇಲ್ಲ, ತಂಡದಲ್ಲೂ ಜಾಗ ಹೋಯಿತು. ಅದನ್ನು ನೋಡಿದವನಾಗಿ ಹೇಳುತ್ತಿದ್ದೇನೆ.


ನಿವೃತ್ತ ಪಿಟಿ ಮೇಷ್ಟ್ರು (ತೀರ್ಥಹಳ್ಳಿ):

ಭದ್ರಾವತಿಯವರ ಮಾತು ಒಪ್ಪುತ್ತೇನೆ. ಎರಡೂ ಬೇಕು. ಒಂದು ಮಾತ್ರ ಸೇರಿಸುತ್ತೇನೆ. ರಿಲೇಯಲ್ಲಿ ಓಡಿದ ಮಕ್ಕಳು ಒಂಟಿ ಓಟದಲ್ಲೂ ಸುಧಾರಿಸಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮುಂದೆ ಒಬ್ಬಳು ಹೋಗುತ್ತಿದ್ದಾಳೆ, ಹಿಂದೆ ತನ್ನವರು ಕೂಗುತ್ತಿದ್ದಾರೆ. ಆಗ ಮಗು ತನಗೇ ಗೊತ್ತಿಲ್ಲದ ವೇಗದಲ್ಲಿ ಓಡುತ್ತದೆ. ಒಮ್ಮೆ ಆ ವೇಗ ಮುಟ್ಟಿದ ಮೇಲೆ ಅದು ಆಗುತ್ತದೆ ಅಂತ ಅದಕ್ಕೇ ತಿಳಿಯುತ್ತದೆ. ರಿಲೇಯಲ್ಲಿ ಎರಡನೆಯವಳಿಂದ ಆಚೆಗೆ ಎಲ್ಲರೂ ಚಲಿಸುತ್ತಲೇ ಶುರು ಮಾಡುವುದರಿಂದ ಸಮಯ ಹೇಗೂ ಸ್ವಲ್ಪ ಕಡಿಮೆ ಬರುತ್ತದೆ. ಆ ಲೆಕ್ಕ ಬಿಟ್ಟು ಹೇಳುತ್ತಿದ್ದೇನೆ.

ಈಗ ನಿಷೇಧದ ಮಾತು. ರಾತ್ರಿ ಯೋಚಿಸಿದೆ. ನನ್ನ ಅಭಿಪ್ರಾಯ: ಹೇಳಿ. ಮುಚ್ಚಿಡಬೇಡಿ. ನಾಳೆ ಫೋನಿನಲ್ಲಿ ಅವಳೇ ಓದುತ್ತಾಳೆ. ಅಪ್ಪ ಇದನ್ನು ಯಾಕೆ ಹೇಳಲಿಲ್ಲ ಅಂದುಕೊಳ್ಳುತ್ತಾಳೆ.

ಆದದ್ದು ಇಷ್ಟು. 2011ರ ಮಧ್ಯದಲ್ಲಿ ಭಾರತದ 400 ಮೀಟರ್ ಓಟಗಾರ್ತಿಯರಲ್ಲಿ ಹಲವರ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತು. ಅವರಲ್ಲಿ ಅಶ್ವಿನಿಯೂ ಒಬ್ಬರು. ದೆಹಲಿಯಲ್ಲಿ ಜೊತೆಗೆ ಓಡಿದ್ದ ಸಿನಿ, ಮನ್‌ದೀಪ್ ಕೂಡ. ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಅದು ದೇಹಕ್ಕೆ ಸೇರಿತು, ನಮಗೆ ತಿಳಿದಿರಲಿಲ್ಲ ಎಂದು ಅವರು ವಾದಿಸಿದರು. ನಮ್ಮ ದೇಶದ ಸಮಿತಿ ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ವರ್ಷ ನಿಷೇಧ ಹಾಕಿತು. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. 2010ರ ಪದಕಗಳು ಹಾಗೆಯೇ ಉಳಿದವು. ನಿಷೇಧ ಮುಗಿದ ಮೇಲೆ ಅಶ್ವಿನಿ ಮತ್ತೆ ಟ್ರ್ಯಾಕಿಗೆ ಬಂದರು.

ಇದನ್ನು ಕೇಳಿದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಆ ಓಟ ನನ್ನ ಕಣ್ಣಲ್ಲಿ ಇವತ್ತಿಗೂ ಹಾಗೇ ಇದೆ. ಆದರೆ ನಿಯಮ ಬಹಳ ಕಠಿಣ. ದೇಹದಲ್ಲಿ ಸಿಕ್ಕಿದ್ದಕ್ಕೆ ಓಟಗಾರರೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತಾ ಇಲ್ಲವಾ ಅನ್ನುವುದು ಶಿಕ್ಷೆ ಎಷ್ಟು ಅನ್ನುವಾಗ ಮಾತ್ರ ಬರುತ್ತದೆ. ಅದಕ್ಕೇ ನನ್ನ ಮಕ್ಕಳಿಗೆಲ್ಲ (ಶಾಲೆ ಮಕ್ಕಳಿಗೆ) ಒಂದೇ ಮಾತು ಹೇಳುತ್ತಿದ್ದೆ. ಡಬ್ಬಿಯಲ್ಲಿ ಬರುವ ಪುಡಿ, ಶಕ್ತಿ ಮಾತ್ರೆ ಯಾರು ಕೊಟ್ಟರೂ ತಗೊಳ್ಳಬೇಡಿ. ಕೋಚ್ ಕೊಟ್ಟರೂ ಬೇಡ, ನಾನು ಕೊಟ್ಟರೂ ಬೇಡ. ಜ್ವರಕ್ಕೆ ಡಾಕ್ಟರ ಹತ್ತಿರ ಹೋದರೆ ನಾನು ಓಡುತ್ತೇನೆ ಅಂತ ಮೊದಲೇ ಹೇಳಿ. ರಾಗಿ, ಮೊಟ್ಟೆ, ಹಾಲು, ಕಡಲೆಬೀಜ, ಮನೆಯ ಅನ್ನ ಸಾರು ಸಾಕು ಈ ವಯಸ್ಸಿಗೆ. ನಿಮ್ಮ ಮಗಳಿಗೂ ಅದನ್ನೇ ಹೇಳಿ.

ಇನ್ನು ಕೆಲಸದ ಮಾತು. ಜಿಲ್ಲಾ ಕೂಟಕ್ಕೆ ಎಷ್ಟು ದಿನ ಇದೆ? ಮನೆಯಲ್ಲಿ ಸ್ಪ್ರಿಂಕ್ಲರ್‌ನ ಪೈಪ್ ತುಂಡು ಇರುತ್ತದೆ ಅಲ್ವಾ? 40 ಮಿಲಿಮೀಟರ್ ಪಿವಿಸಿ ಪೈಪ್ ತಗೊಳ್ಳಿ. ಅದರ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರ್ ಬರುತ್ತದೆ. ಬ್ಯಾಟನ್ನಿನ ಸುತ್ತಳತೆ 12ರಿಂದ 13 ಇರಬೇಕು, ಸರಿಹೋಗುತ್ತದೆ. ಉದ್ದ 28ರಿಂದ 30 ಸೆಂಟಿಮೀಟರ್. 29ಕ್ಕೆ ಕತ್ತರಿಸಿ. ಎರಡೂ ತುದಿಯನ್ನು ಉಪ್ಪು ಕಾಗದದಲ್ಲಿ ತಿಕ್ಕಿ, ಕೈ ಗೀರಬಾರದು. ನಾನು ಎಷ್ಟೋ ವರ್ಷ ಇದನ್ನೇ ಮಾಡಿಕೊಟ್ಟಿದ್ದೇನೆ.

ಅಭ್ಯಾಸ ಹೀಗೆ ಮಾಡಿಸಿ. ಅವಳು ಮೈದಾನದ ಒಳಮುಖವಾಗಿ ನಿಲ್ಲಲಿ. ಎಡಗೈ ಹಿಂದಕ್ಕೆ ಚಾಚಲಿ, ಅಂಗೈ ಅಗಲವಾಗಿರಲಿ, ಕೈ ಅಲುಗಬಾರದು. ಬರುವವಳು ಬಲಗೈಯಿಂದ ಕೊಡುತ್ತಾಳೆ. ಕಣ್ಣು ಬ್ಯಾಟನ್ ಮೇಲೆಯೇ ಇರಲಿ. 4×100ರಲ್ಲಿ ಹಿಂದೆ ನೋಡದೆ ತಗೊಳ್ಳುತ್ತಾರೆ. 4×400ರಲ್ಲಿ ನೋಡಿಯೇ ತಗೊಳ್ಳಬೇಕು, ಏಕೆಂದರೆ ಬರುವವಳು ಸುಸ್ತಾಗಿರುತ್ತಾಳೆ. ಕೈಗೆ ಬಂದ ಮೇಲೆ ಎರಡು ಮೂರು ಹೆಜ್ಜೆಯಲ್ಲಿ ಬಲಗೈಗೆ ಬದಲಿಸಬೇಕು. ಮಳೆಯಲ್ಲಿ ಓಟ ಬಂದರೆ ಬ್ಯಾಟನ್ ಒರೆಸಲು ಸೊಂಟಕ್ಕೆ ಒಣ ಬಟ್ಟೆ ಸಿಕ್ಕಿಸಿಕೊಳ್ಳಲಿ.


ಮೂರನೇ ಸುತ್ತು (ಸಾಗರ):

ಮೇಷ್ಟ್ರೇ, ಬಟ್ಟೆಯ ಮಾತು ಎಷ್ಟು ಸರಿ! ನನ್ನ ಕೈಯಿಂದ ಬಿದ್ದದ್ದು ಮಳೆಯಲ್ಲೇ. ಆಗ ಹೇಳುವವರು ಯಾರೂ ಇರಲಿಲ್ಲ.

ಅಣ್ಣಾ, ಜಿಲ್ಲಾ ಕೂಟದ ದಿನ ಹೇಳಿ. ಸಾಗರದಿಂದ ಶಿವಮೊಗ್ಗಕ್ಕೆ ಬರಲು ನನಗೆ ಕಷ್ಟ ಏನಿಲ್ಲ. ರಜೆ ಹಾಕಿ ಬಂದು ಕೂಗುತ್ತೇನೆ. ಉಳಿದ ಮೂವರನ್ನೂ ಕರೆತರುತ್ತೇನೆ.


ತೋಟದಮನೆ (ಹೊಸನಗರ ತಾಲೂಕು):

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಜಗಲಿಯಲ್ಲಿ ಕೂತು ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಅವಳ ಅಮ್ಮನೂ, ನಮ್ಮ ಅಮ್ಮನೂ ಕೂತು ಕೇಳಿದರು.

ನಿಷೇಧದ ಭಾಗವನ್ನೂ ಓದಿದೆ, ಮೇಷ್ಟ್ರೇ. ಬಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಅಷ್ಟಾದ ಮೇಲೂ ಅವರು ಮತ್ತೆ ಓಡಿದರಾ?" ಅಂತ ಕೇಳಿದಳು. ಹೌದು ಅಂದೆ. ಆಟದ ಬಗ್ಗೆ ಎಂದೂ ಮಾತಾಡದ ನಮ್ಮ ಅಮ್ಮ, "ಆ ಮಾತ್ರೆ ಗೀತ್ರೆ ನಮ್ಮ ಮನೆಗೆ ಬರಕೂಡದು" ಅಂದರು.

ಲೆಕ್ಕ ಅವಳೇ ಮಾಡಿದಳು. 207.77 ಭಾಗಿಸು 4. ಉತ್ತರ ಬಂದ ಮೇಲೆ ತನ್ನ ಸಮಯವನ್ನು ಪಕ್ಕದಲ್ಲಿ ಬರೆದುಕೊಂಡಳು. ಎಷ್ಟೆಂದು ನನಗೆ ತೋರಿಸಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಪಂಪ್‌ಹೌಸ್ ಪಕ್ಕದಲ್ಲಿ ಗರಗಸ ಹಿಡಿದು ಕೂತಿದ್ದಳು. ಅಳತೆ ಪಟ್ಟಿ ಇಟ್ಟು 29 ಸೆಂಟಿಮೀಟರ್‌ಗೆ ಗುರುತು ಹಾಕಿಕೊಂಡಿದ್ದಳು. ನಾನು ಕತ್ತರಿಸಿಕೊಟ್ಟೆ. ಒಂದಲ್ಲ, ನಾಲ್ಕು ಬೇಕಂತೆ. ತಂಡದ ಒಬ್ಬೊಬ್ಬಳ ಮನೆಯಲ್ಲೂ ಒಂದೊಂದು ಇರಬೇಕಂತೆ. ಈಗ ಪಿಟಿ ಸರ್‌ಗೆ ಫೋನ್ ಮಾಡಿ ಮಾತಾಡುತ್ತಿದ್ದಾಳೆ. ಜಿಲ್ಲಾ ಕೂಟದ ದಿನ ಅವರಿಂದ ಕೇಳಿ ಇಲ್ಲೇ ಹಾಕುತ್ತೇನೆ. ಸಾಗರದ ಅಕ್ಕ, ನೀವು ನಾಲ್ವರೂ ಖಂಡಿತ ಬನ್ನಿ. ಊಟದ ಬುತ್ತಿ ನಮ್ಮ ಮನೆಯಿಂದ ತರುತ್ತೇವೆ.